ನಲ್ಲಿ ನೀರಿನ ತಿಮಿಂಗಿಲ

ನಮ್ಮ ಮೈದುನನಷ್ಟು ಸಮುದ್ರ ತಿಳಿದವರು ಇಡೀ ಹೈದರಾಬಾದಿನಲ್ಲಿ ಇನ್ನೊಬ್ಬರಿರಲಿಲ್ಲ. ಸಮುದ್ರ ನೋಡಿರಲಿಲ್ಲ ಎಂಬುದೊಂದು ಬಿಟ್ಟರೆ ಅವನ ವಿದ್ಯೆಯಲ್ಲಿ ಯಾವ ಕೊರತೆಯೂ ಇರಲಿಲ್ಲ!

ನಾನು ಅಕ್ಷರ ಕೂಡಿಸಿ ಓದುವುದರೊಳಗೆ ಒಲೆಯ ಮೇಲೆ ಅನ್ನ ಸೀದಿರುತ್ತದೆ. ಪುಸ್ತಕ ಓದಿ ಓದಿ ನನಗೆ ಸಮುದ್ರ ಕಲಿಸಿದವನು ಅವನೇ. ಕಲಿಸು ಎಂದು ನಾನು ಕೇಳಿರಲಿಲ್ಲ. ಅವನಿಗೆ ಲಗ್ನವಾಗಲಿಲ್ಲ. ಸರಕಾರಿ ಕಾರ್ಖಾನೆಯಲ್ಲಿ ಲೇತ್ ಮಶೀನಿಗೆ ನಿಂತು ದುಡಿದ, ದಮ್ಮು ಹೆಚ್ಚಾದ ಮೇಲೆ ಮೆಹದಿಪಟ್ಟಣಂನ ನಮ್ಮ ಮನೆ ಸೇರಿದ.

ಬಂದವನೇ ಮನೆಯ ಮೆಟ್ಟಿಲುಗಳಿಗೆಲ್ಲ ಸುಣ್ಣದ ಗೆರೆ ಎಳೆದ. ಮಾಳಿಗೆ ಎಂದರೆ ನೀರಿನ ಮೇಲ್ಭಾಗವಂತೆ. ಅಲ್ಲಿಂದ ಒಂದೊಂದು ಮೆಟ್ಟಿಲಿಳಿದಂತೆ ಸಮುದ್ರ ಆಳವಾಗುತ್ತ ಹೋಗುತ್ತದಂತೆ. ಕೊನೆಗೆ ನನ್ನ ಅಡಿಗೆಮನೆ.

“ವೈನಿ, ಈಗ ನೀವು ಸಮುದ್ರದ ತಳದಾಗ ಇದ್ದೀರಿ. ಅಲ್ಲಿಗೆ ಬಿಸಲು ಇಳಿಯೂದಿಲ್ಲ. ಮ್ಯಾಲಿನ ಭಾರ ಎಲ್ಲಾ ತಲಿ ಮ್ಯಾಲೆ!”

“ಲಗ್ನ ಆಗಿ ಬಂದಾಗಿಂದ ಹಂಗs ಅದೀನೋ. ನೀ ಈಗ ನೋಡಿದಿ!”

ಮಾಳಿಗೆಯ ಮೇಲಿನ ಖೋಲಿಯಲ್ಲಿ ಬಂದರು ಎಂಬ ಸಮುದ್ರದಂಡೆಯ ಊರಿನ ಒಬ್ಬಾಕೆ ಬಾಡಿಗೆಗಿದ್ದಳು. ಆಗ ಹೈದರಾಬಾದು ಆಂಧ್ರದ ರಾಜಧಾನಿ. ಸಮುದ್ರದಂಡೆಯವರೆಲ್ಲ ನೌಕರಿಗೆ ಇಲ್ಲಿಗೇ ಬರುತ್ತಿದ್ದರು. ಗೋಲ್ಕೊಂಡದ ಸುಲ್ತಾನರ ಹಡಗುಗಳು ಆಕೆಯ ಊರಿನಿಂದಲೇ ಇರಾನಿಗೆ ಹೋಗುತ್ತಿದ್ದವು ಎಂದು ನಮ್ಮವನು ಆಕೆಗೇ ಪಾಠ ಹೇಳಿದ. ಆಮೇಲೆ ಕೈಮುಗಿದಂತೆ ನಿಂತು, ಸಮುದ್ರ ಹೇಗಿರುತ್ತದೆ ಎಂದು ತೆಲುಗಿನಲ್ಲಿ ಕೇಳಿದ.

“ಏಮುಂದಿ ಬಾಬೂ, ನೀಳ್ಳೇ ಗದಾ!” ಎಂದಳು. ಏನಿದೆ, ಬರೀ ನೀರು!

ಆ ದಿನ ಅವನು ಊಟ ಮಾಡಲಿಲ್ಲ.

ಒಮ್ಮೆ ಬಂದರಿಗೆ ಹೊರಟೇಬಿಟ್ಟೆವು. ಸ್ಟೇಶನ್ನಿನ ಮೇಲ್ಸೇತುವೆ ಹತ್ತುವಾಗಲೇ ದಮ್ಮು ಕಟ್ಟಿ, ಕಂಬಿ ಹಿಡಿದು ಕುಳಿತ. ತುಟಿ ನೀಲಿಯಾಗಿತ್ತು. ರೈಲು ಸಮುದ್ರಕ್ಕೆ ಹೋಯಿತು. ನಾವು ಆಟೋ ಹತ್ತಿ ಮೆಹದಿಪಟ್ಟಣಂಗೆ ಬಂದೆವು.

ಡಾಕ್ಟರು, ಕಷಾಯ, ಹರಕೆ ಎಲ್ಲ ಮುಗಿದವು. ಉಳಿದದ್ದು ಮೃಗಶಿರಾ ಮಳೆ ಕೂಡುವ ಮಿರಗದ ದಿನ ಇಲ್ಲಿ ದಮ್ಮಿಗೆಂದು ಕೊಡುವ ಮೀನಿನ ಮದ್ದು. ಬೆರಳುದ್ದದ ಜೀವಂತ ಮೀನಿನ ಬಾಯಲ್ಲಿ ಮದ್ದಿಟ್ಟು, ಮೀನಿನ ಸಮೇತ ನುಂಗಿಸುತ್ತಾರೆ. ತತ್ತಿಯ ಹೆಸರೆತ್ತಿದರೆ ಬಾಯಿ ತೊಳೆಯುವ ಮನೆತನ ನಮ್ಮದು! ಆದರೂ ನಾನೇ ಹೇಳಿದೆ, “ಕಣ್ಣು ಮುಚ್ಚಿ ನುಂಗಿ ಬಾ. ಬಂದು ಸ್ನಾನ ಮಾಡಿದ್ರ ಆತು.”

ಬೆಳಗ್ಗೆ ಹೋದವನು ಸಂಜೆ ಬಂದ. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಚೀಲದಲ್ಲಿ ನೀರು, ನೀರಿನಲ್ಲಿ ಮೀನು!

“ನುಂಗಲಿಲ್ಲೇನೋ?”

“ಹೆಂಗ ನುಂಗ್ಲಿ ವೈನಿ? ಕೈಯಾಗ ಹಿಡಿದಾಗ ಬಾಯಿ ತಗದು ಗಾಳಿ ಎಳೀತು. ಥೇಟ್ ನನ್ಹಂಗs!”

“ಮದ್ದು?”

“ಅದರ ಬಾಯಾಗ ಇಟ್ಟಿದ್ರಲ್ಲ... ಅದs ನುಂಗಿಬಿಡ್ತು.”

ಊರಿನ ಮಂದಿಯೆಲ್ಲ ಮೀನು ನುಂಗಿ ಬಂದರೆ, ನಮ್ಮ ಮನೆಯಲ್ಲಿ ಮೀನು ಮದ್ದು ನುಂಗಿ ಬಂತು! ಅಡಿಗೆಮನೆಯ ಬಾಗಿಲಲ್ಲಿ ನಲ್ಲಿ ನೀರು ತುಂಬಿಡುವ ಡ್ರಮ್ಮಿತ್ತು. ಅದರಲ್ಲಿ ಬಿಟ್ಟ. ‘ತಿಮಿಂಗಿಲ’ ಎಂದು ಹೆಸರಿಟ್ಟ. ಆ ಜಾತಿಯ ಮೀನು ಆಗಾಗ ಮೇಲೆ ಬಂದು ಗುಳಕ್ಕೆಂದು ಗಾಳಿ ಕುಡಿದು ಇಳಿಯುತ್ತದೆ. ಖರೇ ತಿಮಿಂಗಿಲವೂ ಅಷ್ಟೇ ಅಂತೆ. ಎಷ್ಟೇ ಆಳಕ್ಕೆ ಹೋಗಲಿ, ಉಸಿರಿಗೆ ಮೇಲೆ ಬರಲೇಬೇಕಂತೆ.

ಮೀನು ಕೊಬ್ಬಿತು. ಮೈದುನ ಬತ್ತಿದ. ಮೊದಲು ಮಾಳಿಗೆ ಬಿಟ್ಟ, ಆಮೇಲೆ ನಡುವಿನ ಮೆಟ್ಟಿಲು ಬಿಟ್ಟ. ಅವನೇ ಎಳೆದ ಗೆರೆಗಳನ್ನು ಒಂದೊಂದಾಗಿ ಇಳಿದು, ಕಡೆಗೆ ಡ್ರಮ್ಮಿನ ಪಕ್ಕ ಹಾಸಿಗೆ ಹಿಡಿದ.

“ತಳ ಮುಟ್ಟಿದೆ ವೈನಿ.”

“ಉಸಿರಿಗೆ ಮ್ಯಾಲೆ ಬರಬೇಕು ಅಂತ ನೀನs ಹೇಳಿದೆಲ್ಲೋ. ಬಾ ಮತ್ತ!”

ನಕ್ಕ. ನಗು ಕೆಮ್ಮಾಯಿತು. ಆ ಮಳೆಗಾಲ ಮುಗಿಯುವುದರೊಳಗೆ ಹೋದ. ನಾನು ಅಳಲಿಲ್ಲ, ಹೋದವರನ್ನು ಬಹಳ ನೋಡಿದ್ದೇನೆ.

ಸೂತಕ ಕಳೆಯುವ ದಿನ ಮನೆಯಲ್ಲಿ ತುಂಬಿಟ್ಟ ನೀರನ್ನೆಲ್ಲ ಚೆಲ್ಲಬೇಕು. ಕೊಡ ಚೆಲ್ಲಿದೆ, ಬಕೀಟು ಚೆಲ್ಲಿದೆ. ನಮ್ಮ ಯಜಮಾನರು ತೋಳು ಏರಿಸಿ ಡ್ರಮ್ಮಿಗೆ ಬಂದರು. ಮನೆಯಲ್ಲಿ ಬೇರೆ ಹನಿ ನೀರಿಲ್ಲ. ತಿಮಿಂಗಿಲವನ್ನು ಎಲ್ಲಿ ಬಿಡುವುದು?

“ಬ್ಯಾಡ್ರಿ. ನಾಳೆ ನಲ್ಲಿ ಬರೂದಿಲ್ಲ.”

“ನಾಳೆ ಬರೂ ಪಾಳಿನs ಅಲ್ಲೇನ?”

“ಬಂದ್ರ ಬರಲಿ. ಡ್ರಮ್ಮಿಗೆ ಕೈ ಹಚ್ಚಬ್ಯಾಡ್ರಿ.”

“ಮೈಲಿಗಿ ನೀರದು! ಎಷ್ಟ ಹಟಾ ನಿಂದು!”

ನಾನು ಕಡೆಯ ಮೆಟ್ಟಿಲ ಮೇಲೆ, ಡ್ರಮ್ಮಿಗೆ ಬೆನ್ನು ಕೊಟ್ಟು ಕುಳಿತೆ. ಅವರು ನಿಂತು ನಿಂತು ಹೊರಗೆ ಹೋದರು. ಹಿಂದೆ ಗುಳಕ್ ಎಂದಿತು.

“ತೊಗೋ,” ಎಂದೆ. “ಹೊಟ್ಟಿ ತುಂಬ ತೊಗೋ.”