ಚಿಟ್ಟೆ ನೋಡಲು ಆಫೀಸರ್ ಬಂದರು

ಊಟಿ ಬೆಟ್ಟದ ನಮ್ಮ ಮಂಜೂರಿನಲ್ಲಿ ಅಂಗಡಿ ಇಟ್ಟವನು ನಗೋಕೆ ಬೇರೆಲ್ಲೂ ಹೋಗಬೇಕಿಲ್ಲ. ಬೆಳಿಗ್ಗೆ ಬಾಗಿಲು ತೆಗೆದರೆ ಸಾಕು, ಏನಾದರೊಂದು ನಡೆದೇ ನಡೆಯುತ್ತೆ. ಆದರೆ ತೊಂಬತ್ತರ ದಶಕದ ಕೊನೆಯಲ್ಲಿ ಒಂದು ಏರೋಪ್ಲೇನ್ ಚಿಟ್ಟೆ ನಮ್ಮೂರನ್ನು ಕುಣಿಸಿತಲ್ಲ, ಅಂಥದ್ದು ನಾನು ಇನ್ನೊಂದು ಕಂಡಿಲ್ಲ.

ಸಮುದ್ರ ಎಲ್ಲಿ?

ನಮ್ಮ ಮಹಡಿ ರೂಮಿಗೆ ಬಾಡಿಗೆಗೆ ಬಂದ ಮೇಡಂ ಆ ಚಿಟ್ಟೆಯ ಬಗ್ಗೆ ಸಂಶೋಧನೆ ಮಾಡ್ತಿದ್ದರು. ಅಪರೂಪದ್ದು, ದ್ವೀಪದ ಚಿಟ್ಟೆ, ಅಂದರು.

"ದ್ವೀಪಾನಾ? ಸಮುದ್ರ ಎಲ್ಲಿ ಮೇಡಂ?" ಅಂದೆ.

"ಈ ಬೆಟ್ಟವೇ ಅದಕ್ಕೆ ದ್ವೀಪ. ಕೆಳಗಿನ ಸೆಕೆ ಸಮುದ್ರ ಇದ್ದ ಹಾಗೆ, ದಾಟೋಕಾಗಲ್ಲ."

ಒಳಗಿಂದ ನನ್ನ ಹೆಂಡತಿ, "ನಮ್ಮೆಜಮಾನ್ರೂ ಅದೇ ಜಾತಿ ಮೇಡಂ. ಮೈಸೂರಿಗೆ, ನನ್ನ ತವರಿಗೆ ಹೋಗೋಣ ಅಂದರೆ ಬೆಟ್ಟದ ಕೆಳಗಿನ ಮಸಿನಗುಡಿ ಸೆಕೆ ದಾಟೋಕಾಗಲ್ಲ ಅಂತಾರೆ" ಅಂದಳು.

ಕಡ್ಡಿಯ ಮೋಹ

ಚಿಟ್ಟೆ ಇದ್ದದ್ದು ನಮ್ಮ ಮನೆ ಮೇಲಿನ ಜೌಗಿನಲ್ಲಿ. ಕೇರಿಗೆಲ್ಲ ಕುಡಿಯೋ ನೀರೂ ಅಲ್ಲಿಂದಲೇ. ಗಂಡು ಚಿಟ್ಟೆ ಎಲ್ಲಕ್ಕಿಂತ ಎತ್ತರದ ಕಡ್ಡಿ ನೋಡಿ ಕೂರುತ್ತಂತೆ. ಇನ್ನೊಂದು ಗಂಡು ಬಂದರೆ ಓಡಿಸಿ, ಮತ್ತೆ ಅದೇ ಕಡ್ಡಿಗೆ ವಾಪಸ್. "ಎಷ್ಟು ಸಲ ಎಬ್ಬಿಸಿದರೂ ಅಲ್ಲಿಗೇ ಬರುತ್ತೆ" ಅಂದರು ಮೇಡಂ.

ಟೀ ಎಲೆ ತೂಗೋ ಗೌಡರು ಕೇಳಿಸಿಕೊಂಡು, "ಇದರಲ್ಲೇನು ವಿಶೇಷ? ನಮ್ಮ ಪಂಚಾಯತಿ ಪ್ರೆಸಿಡೆಂಟರೂ ಹಾಗೇ ಅಲ್ವಾ!" ಅಂದರು.

ಸ್ವಾಗತ

ಆ ಪ್ರೆಸಿಡೆಂಟರಿಗೆ ಜೌಗು ಮುಚ್ಚಿಸಿ ಲಾರಿ ನಿಲ್ಲಿಸೋ ಜಾಗ ಮಾಡೋ ಹಟ. ಮುಚ್ಚಿದರೆ ನಮ್ಮ ನಲ್ಲಿಯ ಕಥೆ ಮುಗೀತು. ನನಗಂತೂ ಅನ್ನ ಸೇರಲಿಲ್ಲ. ಮೇಡಂ ಊಟಿಗೆ ಹೋಗಿ ಹೇಳಿದ್ದಕ್ಕೆ ಒಬ್ಬ ದೊಡ್ಡ ಆಫೀಸರ್, "ಬಂದು ನೋಡ್ತೀನಿ. ಚಿಟ್ಟೆ ಕಣ್ಣಿಗೆ ಬಿದ್ದರೆ ಜೌಗು ಉಳಿಸೋಣ" ಅಂದರಂತೆ.

ಆಫೀಸರ್ ಬರ್ತಾರೆ ಅಂದರೆ ನಮ್ಮ ಕಡೆ ಇರೋದು ಒಂದೇ ಪದ್ಧತಿ, ಕ್ಲೀನ್ ಮಾಡೋದು! ಮೇಡಂ ಆಫೀಸರನ್ನು ಕರೆತರೋಕೆ ಹೋದ ಹೊತ್ತಿಗೆ ಕೇರಿಯವರೆಲ್ಲ ಸೇರಿ ಜೌಗಿನ ಹುಲ್ಲು, ಕಡ್ಡಿ ಬೋಳಿಸಿ, ಕಲ್ಲುಗಳಿಗೆ ಸುಣ್ಣ ಬಳಿದು, ದಾರಿಯುದ್ದಕ್ಕೂ ಬ್ಲೀಚಿಂಗ್ ಪೌಡರ್ ಗೆರೆ ಎಳೆದರು. ಮುಂದಾಳು ನನ್ನ ಹೆಂಡತಿ.

ಜೀಪಿಂದ ಇಳಿದ ಮೇಡಂ ತಲೆ ಮೇಲೆ ಕೈ ಹೊತ್ತರು. "ಅಯ್ಯೋ, ಅದು ಕೂರೋಕೆ ಏನೂ ಇಲ್ವಲ್ರೀ!"

"ಕುರ್ಚಿ ಹಾಕಿಸಿದ್ದೀವಲ್ಲಾ ಮೇಡಂ" ಅಂದಳು ನನ್ನಾಕೆ.

ಎತ್ತರದ ಕಡ್ಡಿ

ಬಿಸಿಲೇರಿತು. ಚಿಟ್ಟೆಯ ಸುಳಿವಿಲ್ಲ. ಆಫೀಸರ್ ಗಡಿಯಾರ ನೋಡಿಕೊಂಡಾಗ ನನ್ನ ಜೀವ ಬಾಯಿಗೆ ಬಂತು. ಪ್ರೆಸಿಡೆಂಟರಿಗೆ ಹುಮ್ಮಸ್ಸೋ ಹುಮ್ಮಸ್ಸು. ಪಂಚೆ ಎತ್ತಿಕಟ್ಟಿ ಜೌಗಿನ ನಡುವಿಗೇ ಇಳಿದು, ಮಡಿಸಿದ ಕೊಡೆ ಮೇಲೆತ್ತಿ, "ಇಲ್ಲಿಂದ ಅಲ್ಲೀವರೆಗೂ ಲಾರಿ ನಿಲ್ಲಿಸಬಹುದು ಸಾರ್" ಅಂತ ತೋರಿಸಿದರು.

ಬೋಳಾದ ಜೌಗಿನಲ್ಲಿ ಈಗ ಎತ್ತರದ ಕಡ್ಡಿ ಅಂದರೆ ಆ ಕೊಡೆಯೊಂದೇ. ಎಲ್ಲಿತ್ತೋ ಮಹರಾಯ, ಚಿಟ್ಟೆ ಸರ್ರಂತ ಬಂದು ಅದರ ತುದಿಯಲ್ಲಿ ಕೂತೇಬಿಟ್ಟಿತು! ಪ್ರೆಸಿಡೆಂಟರು ಕೊಡೆ ಒದರಿದರು. ಅದು ಒಂದು ಸುತ್ತು ಹೊಡೆದು ವಾಪಸ್. ಮತ್ತೆ ಒದರಿದರು, ಮತ್ತೆ ವಾಪಸ್.

"ಅಲ್ಲಾಡಬೇಡ್ರೀ!" ಅಂತ ಆಫೀಸರ್ ಕ್ಯಾಮೆರಾ ತೆಗೆದರು. ಪ್ರೆಸಿಡೆಂಟರು ಮೊಣಕಾಲುದ್ದ ಕೆಸರಲ್ಲಿ ಕೊಡೆ ಹಿಡಿದು ಕಂಬದ ಹಾಗೆ ನಿಂತರು. ಫೋಟೋ ಆದಮೇಲೆ ಆಫೀಸರ್, "ಜೌಗಿನ ತಂಟೆಗೆ ಯಾರೂ ಹೋಗಬೇಡಿ" ಅಂದರು. ಸುಳ್ಳು ಯಾಕೆ ಹೇಳಲಿ, ಸಂತೋಷಕ್ಕೆ ನನ್ನ ಕಣ್ಣಲ್ಲಿ ನೀರು ಬಂತು.

ಮೇಡಂಗೆ ಮಾತ್ರ ಇನ್ನೂ ಚಿಂತೆ. "ಹುಲ್ಲು ಬೆಳೆಯೋವರೆಗೂ ಪಾಪ ಅದು ಎಲ್ಲಿ ಕೂರುತ್ತೆ?"

ನನ್ನ ಹೆಂಡತಿ ಜೌಗಿನ ಕಡೆ ತಿರುಗಿ ಕೂಗಿದಳು: "ಅಣ್ಣಾ, ಹುಲ್ಲು ಬೆಳೆಯೋವರೆಗೂ ನೀವು ಹಾಗೇ ನಿಂತಿರಿ. ಊಟ ಅಲ್ಲಿಗೇ ತಂದ್ಕೊಡ್ತೀನಿ!"