ಒಂದೇ ಕಂಬಕ್ಕೆ ಹಾಡೂ ಫುಟ್‌ಬಾಲೂ

ನನ್ನ ಅರ್ಧ ಆಯುಷ್ಯ ಕಳೆದಿರುವುದು ರೇಡಿಯೊ ಕಂಬಗಳ ಬುಡದಲ್ಲಿ. ಆದ್ದರಿಂದ ಹೆಂಡತಿ ವಿಮಲಾಳ ಹಾಡು ಮೊದಲ ಬಾರಿಗೆ ಪ್ರಸಾರವಾಗುವ ದಿನ, ಅದನ್ನು ಸುರಕ್ಷಿತವಾಗಿ ಜನರ ಕಿವಿಗೆ ಮುಟ್ಟಿಸಲು ನನಗಿಂತ ಯೋಗ್ಯನಾದವನು ಇಡೀ ಕೋಲ್ಕತ್ತಾದಲ್ಲಿಲ್ಲ ಎಂದು ನಾನು ನಂಬಿದ್ದೆ. ಇದರಲ್ಲಿ ತಪ್ಪೇನಿತ್ತು? ಎಲ್ಲವೂ ತಪ್ಪೇ!

ಆಗ ಊರಿಗೆಲ್ಲ ಕಂಪ್ಯೂಟರ್ ಜ್ವರ. ನಮ್ಮ ಬೆಹಾಲಾ ಫ್ಲ್ಯಾಟುಗಳ ಹುಡುಗರು ಕೊರಳಿಗೆ ಐಡಿ ಕಾರ್ಡ್ ತೂಗಿಸಿಕೊಂಡು ಗಾಜಿನ ಆಫೀಸುಗಳಿಗೆ ಹೊರಡುತ್ತಿದ್ದರು. "ಅಂಕಲ್, ಎಎಂ ರೇಡಿಯೊ ಇನ್ನೂ ಇದೆಯಾ?" ಎಂದು, ಐಸಿಯುನಲ್ಲಿರುವವರ ಬಗ್ಗೆ ವಿಚಾರಿಸುವ ದನಿಯಲ್ಲಿ ಕೇಳುತ್ತಿದ್ದರು.

ಇತ್ತು. ಆದರೆ ಖರ್ಚು ಉಳಿಸಲೆಂದು ಎರಡು ಸ್ಟೇಷನ್‌ಗಳನ್ನು ಒಂದೇ ಕಂಬಕ್ಕೆ ಕಟ್ಟಿದ್ದರು. ಒಂದೇ ಗೇಟಿರುವ ಮನೆಯಲ್ಲಿ ಎರಡು ಸಂಸಾರ ಇದ್ದಂತೆ. ಈ ಸಂಸಾರದವರು ಹೊರಗೆ ಹೋಗುವಾಗ ಆ ಸಂಸಾರದವರ ಅಡುಗೆಮನೆಗೆ ನುಗ್ಗಬಾರದಲ್ಲ! ಅದನ್ನು ತಡೆಯಲು ಕಂಬದ ಬುಡದ ಕೋಣೆಯಲ್ಲೊಂದು ಕಬ್ಬಿಣದ ಬೀರು. ಅದರೊಳಗೆ ತಾಮ್ರದ ಕೊಳವೆಯನ್ನು ಚಕ್ಕುಲಿಯಂತೆ ಸುತ್ತಿದ ಕಾಯಿಲ್‌ಗಳು. ಇವೇ ನಮ್ಮ ದರವಾನರು, ಗೇಟು ಕಾಯುವವರು. ಕಾಯಿಲ್ ಮೇಲಿನ ಕ್ಲಿಪ್ಪನ್ನು ಆಚೀಚೆ ಸರಿಸಿ ಇವರನ್ನು ಶಿಸ್ತಿನಲ್ಲಿಡುವುದಕ್ಕೆ ಟ್ಯೂನಿಂಗ್ ಎನ್ನುತ್ತಾರೆ. ಅದಕ್ಕೇ ನನಗೆ ಸಂಬಳ.

ಪ್ರಸಾರ ಸಂಜೆ. ಬೆಳಿಗ್ಗೆ ವಿಮಲಾ ಚಿತ್ರಾನ್ನ ತುಂಬಿದ ಸ್ಟೀಲ್ ಕ್ಯಾರಿಯರನ್ನು ಕೈಗಿಡುತ್ತ, "ಏನ್ರೀ, ಇವತ್ತು ಮಷೀನ್ ಛಲೋ ನಡದದಲ್ಲ?" ಎಂದಳು. ಅವಳು ಧಾರವಾಡದವಳು.

"ನಡೀತಾ ಇದೆ. ಆದ್ರೂ ಒಂದ್ಸಲ ನೋಡ್ಬಿಟ್ರೆ ಸಮಾಧಾನ."

"ನಡದದ್ದಕ್ಕ ಯಾಕ ಕೈ ಹಚ್ತೀರಿ? ನಿಮಗ ಸಮಾಧಾನ ಆದ ದಿನಾ ನಾ ಇನ್ನೂ ನೋಡಿಲ್ಲ. ಅವ್ವಗ ಕ್ಯಾಸೆಟ್ ಕಳಸೂದದ, ನೆನಪಿರ್ಲಿ!"

ವಿಷಯ ಅದೇ. ನಮ್ಮ ಸ್ಟೇಷನ್ ಧಾರವಾಡದಲ್ಲಿ ಸಿಗುವುದಿಲ್ಲ. ವಿಮಲಾಳಿಗೆ ಹಾಡು ಕಲಿಸಿದವರು ಅವಳ ತಾಯಿ. ಈಗ ಹಾಸಿಗೆ ಬಿಟ್ಟು ಏಳಲಾರರು. ಮಗಳು ಶ್ರುತಿ ಮನೆಯ ರೇಡಿಯೊದಿಂದ ಕ್ಯಾಸೆಟ್ಟಿಗೆ ಹಿಡಿಯಬೇಕು, ಅದನ್ನು ಅಜ್ಜಿಗೆ ಕಳಿಸಬೇಕು. ಇದಲ್ಲದೆ ಕಸ್ಬಾ, ಜೋಕಾ ಬಡಾವಣೆಗಳಿಂದ ಕನ್ನಡದವರನ್ನೆಲ್ಲ ವಡೆ-ಕಾಫಿಗೆ ಕರೆದಾಗಿತ್ತು.

ಗ್ಯಾಸ್ ಆರಿಸಿದೆನೇ ಎಂದು ನೋಡಲು ಬಸ್ ಸ್ಟಾಪಿನಿಂದ ವಾಪಸು ಬರುವ ಜಾತಿಯವನು ನಾನು. ಸುಮ್ಮನಿರುತ್ತೇನೆಯೇ? ಮಧ್ಯಾಹ್ನದ ಬಿಡುವಿನಲ್ಲಿ ಎರಡೂ ಸ್ಟೇಷನ್ ನಿಂತಾಗ ಬೀರು ತೆರೆದು, ಮೀಟರು ಜೋಡಿಸಿದೆ. ನೆಲದಲ್ಲಿ ಇರುವೆ ಸಾಲು. ಕ್ಯಾರಿಯರನ್ನು ಬೀರುವಿನೊಳಗೆ, ಕಾಯಿಲ್ ಪಕ್ಕದಲ್ಲಿಟ್ಟೆ. ನೋಡುತ್ತೇನೆ, ಮೀಟರಿನ ಮುಳ್ಳು ಗುರುತಿನ ಮೇಲಿಲ್ಲ!

'ಕಂಡಿರಾ! ನಾನು ನೋಡದಿದ್ದರೆ ಗತಿ ಏನಾಗುತ್ತಿತ್ತು?' ಎಂದು ನನಗೆ ನಾನೇ ಹೇಳಿಕೊಂಡೆ. ಕ್ಲಿಪ್ಪನ್ನು ಕೂದಲೆಳೆ ಕೂದಲೆಳೆಯಷ್ಟು ಸರಿಸಿ ಮುಳ್ಳನ್ನು ಗುರುತಿಗೆ ತಂದೆ. ಆಮೇಲೆ, ಜವಾಬ್ದಾರಿಯುತ ಎಂಜಿನಿಯರನಿಗೆ ತಕ್ಕಂತೆ, ಒಳಗೆ ಏನೂ ಉಳಿಯದಂತೆ ಸ್ಕ್ರೂಡ್ರೈವರ್, ಇಕ್ಕಳ, ಕ್ಯಾರಿಯರ್ ಎಲ್ಲವನ್ನೂ ಹೊರತೆಗೆದು ಬೀಗ ಹಾಕಿದೆ. ಆತಂಕಕ್ಕೆ ಊಟ ಸೇರಲಿಲ್ಲ.

ಸಂಜೆ ಒಂದು ಸ್ಟೇಷನ್‌ನಲ್ಲಿ ಫುಟ್‌ಬಾಲ್ ಕಾಮೆಂಟರಿ. ಊರಿನ ಎರಡು ಹಳೇ ವೈರಿ ತಂಡಗಳ ಮ್ಯಾಚು! ಇನ್ನೊಂದರಲ್ಲಿ ಮೊದಲೇ ರೆಕಾರ್ಡ್ ಮಾಡಿದ್ದ ವಿಮಲಾಳ ದೇವರನಾಮಗಳು. ಹಾಡು ಶುರುವಾಯಿತು. ನನ್ನ ಮೊಬೈಲೂ ಶುರುವಾಯಿತು.

"ಅಪ್ಪಾ," ಎಂದಳು ಶ್ರುತಿ, "ಅಮ್ಮ ಕೃಷ್ಣನ್ನ ಕರೀತಾ ಇದಾಳೆ, ಬಟ್ ಪೀಛೆ ಸೆ ಯಾರೋ ಕಾರ್ನರ್ ಕಿಕ್ ಅಂತಿದಾರೆ!"

"ಟೇಪ್ ನಿಲ್ಸು!"

"ಅಮ್ಮ ನಿಲ್ಸ್‌ಬೇಡ ಅಂತಿದಾಳೆ. ಶೀ ಈಸ್ ಕ್ರೈಯಿಂಗ್, ಅಪ್ಪಾ." ಅಷ್ಟರಲ್ಲಿ ಫೋನಿನೊಳಗಿಂದ ಸ್ಟೇಡಿಯಮ್ಮಿಗೆ ಸ್ಟೇಡಿಯಮ್ಮೇ ಭೋರ್ಗರೆಯಿತು. "ಗೋಓಓಲ್!"

ಕೃಷ್ಣನ ಬದಲು ಗೋಲು ಬಂದಿತ್ತು. ಶಿಫ್ಟಿನಲ್ಲಿದ್ದ ದತ್ತಾಬಾಬು ಬಳಿಗೆ ಓಡಿದೆ.

"ದತ್ತಾಬಾಬು, ಎರಡೂ ಬಂದ್ ಮಾಡಿ! ಬೀರು ತೆಗೀಬೇಕು!"

ಅವನು ನನ್ನನ್ನು ಕನಿಕರದಿಂದ ನೋಡಿದ. "ಮ್ಯಾಚ್ ನಡುವೆಯಾ? ದಾದಾ, ಜನ ಬಂದು ನಿಮ್ಮನ್ನೂ ಅದೇ ಕಂಬಕ್ಕೆ ಕಟ್ಟುತ್ತಾರೆ. ಆಗ ಮೂರು ಸ್ಟೇಷನ್ ಆಗುತ್ತೆ! ಹಾಫ್ ಟೈಮ್ ಬರಲಿ."

ಕ್ಯಾರಿಯರನ್ನು ಮಗುವಿನಂತೆ ಅವಚಿಕೊಂಡು ಕಂಬದ ಕೆಳಗೆ ನಿಂತೆ. ಒಂದು ಹಾಡು ಹೋಯಿತು. ಎರಡನೆಯದೂ ಹೋಯಿತು, ಇನ್ನೊಂದು ಗೋಲಿನ ಸಮೇತ. ಕೊನೆಗೆ ಹಾಫ್ ಟೈಮ್ ಆಯಿತು. ಅನಿವಾರ್ಯ ತಾಂತ್ರಿಕ ಕಾರಣಗಳಿಂದಾಗಿ ಪ್ರಸಾರ ನಿಂತಿತು. ಅನಿವಾರ್ಯ ಕಾರಣ ಬೀರು ತೆರೆದು ಮೀಟರು ಜೋಡಿಸಿತು. ಮುಳ್ಳು ಎಲ್ಲೋ ಇತ್ತು. ಕ್ಲಿಪ್ ಹಿಡಿಯಲು ಎರಡೂ ಕೈ ಬೇಕೆಂದು ಕ್ಯಾರಿಯರನ್ನು ಮತ್ತೆ ಕಾಯಿಲ್ ಪಕ್ಕದಲ್ಲಿಟ್ಟೆ.

ಮುಳ್ಳು ತಾನಾಗಿ ಬಂದು ಗುರುತಿನ ಮೇಲೆ ಕೂತಿತು!

ಕ್ಯಾರಿಯರ್ ತೆಗೆದೆ. ಹೋಯಿತು. ಇಟ್ಟೆ. ಬಂತು. ಕಾಯಿಲ್ ಹತ್ತಿರ ಲೋಹ ಇದ್ದರೆ ಅದರ ನಡತೆಯೇ ಬದಲಾಗುತ್ತದೆ. ಇದನ್ನು ಹೊಸಬರಿಗೆ ಪಾಠ ಮಾಡುವವನು ನಾನೇ! ಬೆಳಿಗ್ಗೆ ಎಲ್ಲವೂ ಸರಿಯಾಗಿಯೇ ಇತ್ತು. ನಾನು ಇಡೀ ವ್ಯವಸ್ಥೆಯನ್ನು ಚಿತ್ರಾನ್ನಕ್ಕೆ ಹೊಂದಿಸಿ, ಆಮೇಲೆ ಚಿತ್ರಾನ್ನವನ್ನು ಹೊರತೆಗೆದಿದ್ದೆ.

ಕ್ಲಿಪ್ಪಿನ ಹಳೆಯ ಜಾಗ ಹುಡುಕಲು ಸಮಯವಿರಲಿಲ್ಲ. ಕ್ಯಾರಿಯರನ್ನು ಒಳಗೇ ಬಿಟ್ಟು ಬೀಗ ಹಾಕಿ, "ಚಾಲೂ!" ಎಂದು ಕೂಗಿದೆ.

"ಅಪ್ಪಾ, ಈಗ ಓನ್ಲಿ ಅಮ್ಮ!" ಎಂದು ಶ್ರುತಿ ಕಿರುಚಿದಳು. ಕೊನೆಯ ಹಾಡು ನೀರಿನಂತೆ ತಿಳಿಯಾಗಿ ಹರಿಯಿತು. ನನ್ನ ಕಣ್ಣಲ್ಲಿ ನೀರು ಬಂತು. ಹೊಟ್ಟೆಯೂ ಹಸಿದಿತ್ತು.

ಮನೆಗೆ ಬಂದಾಗ ಅತಿಥಿಗಳೂ ಇಲ್ಲ, ವಡೆಯೂ ಇಲ್ಲ. ವಿಮಲಾ ಮುಖ ಎತ್ತದೆ ಕೇಳಿದಳು: "ಕ್ಯಾರಿಯರ್ ಎಲ್ಲಿ?"

"ಅದು... ಡ್ಯೂಟಿ ಮೇಲಿದೆ."

ಮರುದಿನ ಬಿಡುವಿನಲ್ಲಿ ಕ್ಲಿಪ್ಪನ್ನು ಹಳೆಯ ಜಾಗಕ್ಕೆ ತಂದು, ಹಳಸಿದ ಚಿತ್ರಾನ್ನವನ್ನು ಸೇವೆಯಿಂದ ಬಿಡುಗಡೆ ಮಾಡಿದೆ. ಕ್ಯಾಸೆಟ್ ಕಳಿಸುವುದೋ ಬೇಡವೋ ಎಂದು ಮನೆಯಲ್ಲಿ ಬಹಳ ಚರ್ಚೆಯಾಯಿತು. ಸ್ಟೇಷನ್ನಿನ ಟೇಪನ್ನು ಹೊರಗೆ ಕೊಡುವುದಿಲ್ಲ, ನಮ್ಮಲ್ಲಿ ಬೇರೆ ಪ್ರತಿ ಇರಲಿಲ್ಲ. ಕೊನೆಗೆ ಕಳಿಸಿದೆವು. ಅತ್ತೆಯ ಫೋನ್ ಬರುವವರೆಗೆ ನಾನು ಮನೆಯಲ್ಲಿ ಬಾಡಿಗೆದಾರನಂತೆ ಓಡಾಡಿದೆ.

ಫೋನ್ ಬಂತು. ವಿಮಲಾಳ ಮುಖ ನಿಧಾನವಾಗಿ ಅರಳಿತು. ಶ್ರುತಿ ಸ್ಪೀಕರ್ ಗುಂಡಿ ಒತ್ತಿದಳು.

"ಏನ್ ಜನಾ ಕೂಡಿತ್ತವಾ! ನಿನ್ನ ಹಾಡಿಗೆ ಏನ್ ಚಪ್ಪಾಳಿ, ಏನ್ ಸಿಳ್ಳೆ! ಬಂಗಾಲಿ ಭಾಷಾದಾಗ ಯಾರೋ ಒಬ್ಬಾಂವ ನಡುನಡುವ ನಿನ್ನ ಹೊಗಳಿದ್ದೇ ಹೊಗಳಿದ್ದು, ಪಾಪ, ಗಂಟಲಾ ಹರದಕೊಂಡಾನ! ನನ್ನ ಜೀವಾ ತಂಪಾತು ನೋಡು."

ನಾನು ಎದೆಯುಬ್ಬಿಸಿ ಸೋಫಾದ ಮೇಲೆ ಕೂತೆ.

"ಆದರ ವಿಮಲಾ," ಅತ್ತೆಯ ದನಿ ಇಳಿಯಿತು, "ಕಡೀ ಹಾಡಿಗೆ ಯಾಕ ಯಾರೂ ಪಿಟ್ ಅನ್ನಲಿಲ್ಲ? ಅಲ್ಲಿ ಏನರ ತಪ್ಪಿತ್ತೇನು?"

ವಿಮಲಾ ನನ್ನ ಕಡೆ ನೋಡಿದಳು. ಮರುದಿನದಿಂದ ನನ್ನ ಊಟ ಪ್ಲಾಸ್ಟಿಕ್ ಡಬ್ಬಿಯಲ್ಲಿ.