ಆರು ಅಡಿ ದೂರಕ್ಕೊಂದು ಟಿವಿ

ಚಿಂತೆ ಮಾಡುವುದನ್ನು ಜನ ಒಂದು ಕಾಯಿಲೆ ಎಂದುಕೊಂಡಿದ್ದಾರೆ. ನನ್ನ ಕಸುಬಿನಲ್ಲಿ ಅದು ಬಂಡವಾಳ. ಶಿಕಾರಿಪುರದ ಪೇಟೆಯಲ್ಲಿ ನನ್ನದೊಂದು ಟೇಲರಿಂಗ್ ಅಂಗಡಿ ಇದೆ. ಕತ್ತರಿ ಹಾಕುವ ಮುಂಚೆ ಮೂರು ಸಲ ಅಳೆಯುತ್ತೇನೆ; ಹಾಕಿದ ಮೇಲೆ ಇನ್ನೊಂದು ಸಲ ಅಳೆದು ಬೆವರುತ್ತೇನೆ. ಯಾರದೇ ಪ್ಯಾಂಟ್ ಹೊಲಿದರೂ ಸೊಂಟದ ಒಳಗಡೆ ಒಂದೂವರೆ ಇಂಚು ಬಟ್ಟೆ ಮಡಿಚಿ ಬಿಟ್ಟಿರುತ್ತೇನೆ. ಮದುವೆಗೆ ಹೊಲಿಸಿಕೊಂಡ ಹುಡುಗರು ಆಗ ನಗುತ್ತಾರೆ. ಮಾರನೆಯ ವರ್ಷ ಅದೇ ಪ್ಯಾಂಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು, ಯಾರೂ ಇಲ್ಲದ ಹೊತ್ತು ನೋಡಿ, "ಟೇಲರಣ್ಣ, ಸ್ವಲ್ಪ ಬಿಡ್ತೀರಾ?" ಎಂದು ಬರುತ್ತಾರೆ. ಮುಂದೆ ಆಗಬಹುದಾದ ಅನಾಹುತವನ್ನು ಇವತ್ತೇ ಊಹಿಸಿ ಜಾಗ ಬಿಟ್ಟಿಡುವುದು ನನ್ನ ಜೀವನಕ್ರಮ. ಇಷ್ಟು ಮುಂದಾಲೋಚನೆಯ ಮನುಷ್ಯನೊಬ್ಬ ಟಿವಿ ತರಲು ಹೋಗಿ ಏನು ಮಾಡಿಕೊಂಡ ಎನ್ನುವುದನ್ನು ಹೇಳುವ ಮೊದಲು, ನನ್ನ ಮನೆಯ ಅಳತೆಯನ್ನು ನಿಮ್ಮ ಮುಂದಿಡಬೇಕು.

ಮನೆಯ ಹಾಲ್ ಅನ್ನುವುದು ಹೆಸರಿಗೆ ಹಾಲ್. ನಾಲ್ಕು ಜನ ನೆಂಟರು ಬಂದರೆ ಐದನೆಯವರಿಗೆ ನೀರು ಕೊಡಲು ಬಾಗಿಲಾಚೆಯಿಂದ ಕೈ ಚಾಚಬೇಕು. ಟಿವಿ ಇಡುವ ಗೋಡೆ ಒಂದು ಕಡೆ. ಅದಕ್ಕೆ ಆರು ಅಡಿ ದೂರದಲ್ಲಿ ನನ್ನ ಕುರ್ಚಿ. ಕುರ್ಚಿಯ ಹಿಂದೆ, ಹಬ್ಬದ ಸೀಸನ್ನಿನಲ್ಲಿ ಉಳಿದ ಕೆಲಸ ಮುಗಿಸಲು ಇಟ್ಟುಕೊಂಡ ಹೊಲಿಗೆ ಮೆಷಿನ್ನು. ಮೆಷಿನ್ನಿನ ಹಿಂದೆ ಅಡುಗೆಮನೆ ಬಾಗಿಲು, ಬಾಗಿಲ ಒಳಗೆ ನೇರಕ್ಕೆ ಒಲೆ. ಒಲೆಯ ಮುಂದೆ ನನ್ನ ಹೆಂಡತಿ ಗಿರಿಜಾ. ಅವಳು ಸೊರಬದ ಕುಪ್ಪಗಡ್ಡೆಯವಳು. ಭತ್ತದ ಊರಿನ ಹುಡುಗಿ ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಜೋಳದ ರೊಟ್ಟಿ ಬಡಿಯುವುದನ್ನು ಕಲಿತು, ಈಗ ಊರಿನ ಖಾನಾವಳಿಯೊಂದಕ್ಕೆ ದಿನವೂ ಸಂಜೆ ರೊಟ್ಟಿ ಮಾಡಿಕೊಡುತ್ತಾಳೆ. ಮಾತನ್ನೂ ಇಲ್ಲಿನದನ್ನೇ ಕಲಿತಿದ್ದಾಳೆ. ಸಿಟ್ಟು ಬಂದಾಗ ಮಾತ್ರ ತವರಿನ ಮಾತು ಹೊರಗೆ ಬರುತ್ತದೆ. ಅವಳ ರೊಟ್ಟಿಯ ಹೊತ್ತೂ ಧಾರಾವಾಹಿಗಳ ಹೊತ್ತೂ ಒಂದೇ.

ನಮ್ಮ ಹಳೆಯ ಡಬ್ಬಾ ಟಿವಿ ಕಳೆದ ವರ್ಷ ತೀರಿಕೊಂಡಿತು. ಒಂದು ವಾರ ಮೊದಲೇ ಪರದೆಯ ಮೇಲಿನವರೆಲ್ಲ ಹಸಿರಾಗಿದ್ದರು, ಆಮೇಲೆ ಒಂದು ಗೆರೆಯಾದರು, ಆಮೇಲೆ ಒಂದು ಚುಕ್ಕೆಯಾಗಿ ಹೊರಟುಹೋದರು. ಹೊಸದು ತರೋಣ ಎಂದಾಗ ಗಿರಿಜಾ ಹೇಳಿದ್ದು ಒಂದೇ ಮಾತು.

"ಈ ಸಲ ಮುಖ ಕಾಣೋ ಅಂಥ ಟಿವಿ ತಗೊಂಬರ್ರೀ. ನನಗೆ ಬೇರೆ ಏನೂ ಬ್ಯಾಡ."

ಒಡವೆ ಕೇಳಿದವಳಲ್ಲ, ಊರು ಸುತ್ತಿಸು ಎಂದವಳಲ್ಲ. ಇದೊಂದನ್ನಾದರೂ ಸರಿಯಾಗಿ ಮಾಡಬೇಕೆಂದು ನಾನು ಪಣ ತೊಟ್ಟೆ. ನಾನು ಪಣ ತೊಟ್ಟ ಕೆಲಸಗಳೇ ಹೆಚ್ಚಾಗಿ ಕೆಡುತ್ತವೆ ಎನ್ನುವುದು ಆಗ ನೆನಪಿಗೆ ಬರಲಿಲ್ಲ.

ಸುದ್ದಿ ತಿಳಿದ ಭಾನುವಾರವೇ ಗಿರಿಜಾಳ ತಮ್ಮ ಲೋಕೇಶ ಕುಪ್ಪಗಡ್ಡೆಯಿಂದ ಬೈಕಿನಲ್ಲಿ ಬಂದ. ಆನವಟ್ಟಿಯ ಅಂಗಡಿಯಲ್ಲಿ ನಿಂತು ಎಲ್ಲ ನೋಡಿಕೊಂಡೇ ಬಂದಿದ್ದ. ಹೆಲ್ಮೆಟ್ ತೆಗೆಯುವ ಮೊದಲೇ ತೀರ್ಪು ಕೊಟ್ಟ.

"ಐವತ್ತೈದು ಇಂಚು ಹಾಕ್ಸಿಬಿಡಿ ಭಾವ. ಯೋಚನೆ ಮಾಡ್ಲೇಬೇಡಿ."

ಯೋಚನೆ ಮಾಡಬೇಡಿ ಎಂದು ನನಗೆ ಹೇಳುವುದೂ ಮೀನಿಗೆ ಒಣ ಬಟ್ಟೆ ಕೊಡುವುದೂ ಒಂದೇ. "ಅಷ್ಟು ದೊಡ್ಡದು ಬಾಗಿಲಲ್ಲಿ ಹಿಡಿಸುತ್ತಾ? ನಮ್ಮ ಗೋಡೆ ಮಣ್ಣಿಂದು, ಮೊಳೆ ಕಿತ್ತುಕೊಂಡು ಬಂದ್ರೆ? ಆರು ಅಡಿಯಿಂದ ನೋಡಿದ್ರೆ ಕಣ್ಣು ಏನಾಗಬೇಕು?" ಎಂದೆ.

"ನಿಮ್ಗೆ ಟಿವಿ ಬೇಡ ಭಾವ, ಒಂದು ಕ್ಯಾಲೆಂಡರ್ ಸಾಕು. ಬೀಳೂದಿಲ್ಲ, ಕಣ್ಣಿಗೂ ಏನೂ ಆಗೂದಿಲ್ಲ," ಎಂದು ಅವನು ಚಹಾ ಕುಡಿದು ಹೋದ.

ಅವತ್ತಿನಿಂದ ನಾನು ಫೋನಿನಲ್ಲಿ ಓದತೊಡಗಿದೆ. ಎಷ್ಟು ದೂರಕ್ಕೆ ಎಷ್ಟು ಇಂಚು ಎನ್ನುವುದಕ್ಕೆ ಲೋಕದಲ್ಲಿ ಒಂದು ಸೂತ್ರ ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಒಬ್ಬ ದೂರವನ್ನು ಒಂದೂವರೆಯಿಂದ ಭಾಗಿಸು ಎನ್ನುತ್ತಾನೆ, ಇನ್ನೊಬ್ಬ ಎರಡೂವರೆಯಿಂದ ಭಾಗಿಸು ಎನ್ನುತ್ತಾನೆ. ಮೊದಲನೆಯವನನ್ನು ನಂಬಿದರೆ ನಮ್ಮ ಗೋಡೆಗೆ ಹೆಚ್ಚುಕಡಿಮೆ ನಲವತ್ತೆಂಟು ಇಂಚು, ಎರಡನೆಯವನನ್ನು ನಂಬಿದರೆ ಮೂವತ್ತರ ಆಸುಪಾಸು. ನಾನು ಎರಡನೆಯವನನ್ನು ನಂಬಿದೆ. ಅವನ ಮುಖ ನೋಡಿದವನಲ್ಲ, ಊರು ಕೇಳಿದವನಲ್ಲ. ಆದರೂ ನನ್ನ ಹಾಗೇ ಹೆದರುವ ಮನುಷ್ಯನೊಬ್ಬ ಎಲ್ಲೋ ಕೂತು ಲೆಕ್ಕ ಹಾಕಿದ್ದಾನೆ ಎನ್ನಿಸಿ ಸಮಾಧಾನವಾಯಿತು.

ಆಮೇಲೆ ರೆಸಲ್ಯೂಷನ್ನಿನ ಕಾಟ. ಟಿವಿ ಅಂಗಡಿಯ ವೀರೇಶ ನನ್ನ ಹಳೆಯ ಗಿರಾಕಿ. ಅವನ ಹೊಟ್ಟೆಯ ಇಪ್ಪತ್ತು ವರ್ಷದ ಬೆಳವಣಿಗೆ ಇಂಚಿಂಚಾಗಿ ನನಗೆ ಗೊತ್ತು. ಅವನು ಹೆಚ್‌ಡಿ, ಫುಲ್ ಹೆಚ್‌ಡಿ, ಫೋರ್ ಕೆ ಎಂದು ಪಟಪಟನೆ ಹೇಳಿದ. ನನ್ನ ಮುಖ ನೋಡಿ ಅರ್ಥವಾಯಿತೆಂದು ಕಾಣುತ್ತದೆ, ದನಿ ಬದಲಿಸಿದ. "ಟೇಲರಣ್ಣ, ನಿಮ್ಮ ಭಾಷೆಯಾಗ ಹೇಳ್ತೀನಿ ಕೇಳ್ರಿ. ಒಂದು ಇಂಚು ಬಟ್ಟೆಯಾಗ ಎಳೆ ಎಷ್ಟು ಅದಾವ ಅನ್ನೋದು. ಎಳೆ ಜಾಸ್ತಿ ಇದ್ರ ನುಣುಪು." ಇದು ನನಗೆ ಸಲೀಸಾಗಿ ಇಳಿಯಿತು. ದೊಡ್ಡ ಪನ್ನದ, ಅಂದರೆ ಹೆಚ್ಚು ಅಗಲದ, ಒರಟು ಬಟ್ಟೆಗಿಂತ ಸಣ್ಣ ಪನ್ನದ ಒಳ್ಳೆಯ ನೇಯ್ಗೆ ಮೇಲಲ್ಲವೇ? ಗಿರಿಜಾ ಕೇಳಿದ್ದು ಮುಖ ಕಾಣುವ ಟಿವಿ. ಮುಖ ಅಂದರೆ ಹುಬ್ಬು, ರೆಪ್ಪೆ, ಮೂಗುತಿಯ ಹರಳು. ಇವೆಲ್ಲ ಕಾಣಬೇಕಾದರೆ ಎಳೆ ಬೇಕು. ಮೂವತ್ತೆರಡು ಇಂಚು, ಫುಲ್ ಹೆಚ್‌ಡಿ ಎಂದು ಮನಸ್ಸಿನಲ್ಲೇ ನಿಶ್ಚಯ ಮಾಡಿಕೊಂಡೆ.

ಹಾಗೆಂದು ಟ್ರಯಲ್ ನೋಡದೆ ತರುವವನಲ್ಲ ನಾನು. ಅಂಗಡಿಯಿಂದ ಕಪ್ಪು ಲೈನಿಂಗ್ ಬಟ್ಟೆ ತಂದು, ಮೂವತ್ತೆರಡು, ನಲವತ್ತಮೂರು, ಐವತ್ತೈದು ಎಂದು ಮೂರು ಅಳತೆಗೆ ಕತ್ತರಿಸಿ, ದಿನಕ್ಕೊಂದರಂತೆ ಗೋಡೆಗೆ ಗುಂಡುಪಿನ್ನಿನಲ್ಲಿ ಹಚ್ಚಿದೆ. ಟಿವಿಯ ಇಂಚನ್ನು ಮೂಲೆಯಿಂದ ಮೂಲೆಗೆ ಓರೆಯಾಗಿ ಅಳೆಯಬೇಕೆನ್ನುವುದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಜೀವನವಿಡೀ ಕ್ರಾಸ್ ಕಟಿಂಗ್ ಮಾಡಿದವನಿಗೆ ಓರೆ ಯಾವ ಲೆಕ್ಕ. ಸಂಜೆ ಕುರ್ಚಿಯಲ್ಲಿ ಕೂತು ಆ ಕಪ್ಪು ಬಟ್ಟೆಯನ್ನು ಗಂಭೀರವಾಗಿ ನೋಡುತ್ತಿದ್ದೆ. ಐವತ್ತೈದರ ದಿನ ಪಕ್ಕದ ಮನೆಯ ರುದ್ರಮ್ಮ ಹಾಲಿಗೆ ಹೆಪ್ಪು ಕೇಳಲು ಬಂದವರು ಹೊಸ್ತಿಲಲ್ಲೇ ನಿಂತರು. ಗೋಡೆಯ ತುಂಬ ಕಪ್ಪು ಬಟ್ಟೆ, ಅದರ ಮುಂದೆ ಕಣ್ಣು ಮಿಟುಕಿಸದೆ ಕೂತ ನಾನು. ಮೆಲ್ಲಗೆ ಹಿಂದಿನ ಬಾಗಿಲಿಗೆ ಹೋಗಿ ಗಿರಿಜಾಳನ್ನು ಕೇಳಿದರಂತೆ: "ಏನವ್ವಾ, ಯಜಮಾನ್ರನ್ನ ಯಾರಿಗಾದ್ರೂ ತೋರಿಸಿದ್ರಾ?"

ಮೂರೂ ದಿನ ನಾನು ಗಿರಿಜಾಳನ್ನು ಕರೆದೆ. "ಬಾ, ಕೂತು ನೋಡು. ಯಾವ ಅಳತೆ ಹಿತವಾಗೈತಿ ಹೇಳು."

"ಕೈ ಹಿಟ್ಟಾಗೇತಿ. ನೀವೇ ನೋಡ್ರಿ," ಎಂದಳು, ಮೂರೂ ದಿನ.

ನಾನೇ ನೋಡಿದೆ. ಇಲ್ಲಿ ಒಂದು ಸಣ್ಣ ಮಾತು. ಒಮ್ಮೆ ನಾವಿಬ್ಬರೂ ಬಳ್ಳಿಗಾವಿಯ ದೇವಸ್ಥಾನಕ್ಕೆ ಹೋಗಿದ್ದೆವು. ನಾನು ಕಂಬಕ್ಕೆ ಮೂಗು ತಾಗಿಸಿಕೊಂಡು ಕೆತ್ತನೆಯ ಮಣಿಸರ ಎಣಿಸುತ್ತಿದ್ದರೆ, ಇವಳು ಆಚೆ ಹುಲ್ಲಿನ ಮೇಲೆ ಕೂತು ಇಡೀ ಗುಡಿಯನ್ನು ನೋಡುತ್ತಿದ್ದಳು. "ಅಲ್ಲಿ ಏನು ಕಾಣ್ತತಿ ನಿಮಗ? ಇಲ್ಲಿ ಬರ್ರಿ," ಎಂದು ಕರೆದಳು. ನಾನು ಹೋಗಲಿಲ್ಲ. ಮಣಿ ಎಣಿಸುವುದು ಮುಗಿದಿರಲಿಲ್ಲ. ದೂರದಿಂದ ನೋಡುವವರಿಗೆ ಬೇರೆ ಸುಖ ಇರಬಹುದೆಂದು ಆವಾಗಲೇ ತಿಳಿಯಬಹುದಿತ್ತು. ತಿಳಿಯಲಿಲ್ಲ, ಏನು ಮಾಡುವುದು.

ಮೂವತ್ತೆರಡು ಇಂಚಿನ ಟಿವಿ ಬಂತು. ಹಳೆಯ ಟಿವಿಗೆ ನಾನೇ ಝಾಲರ್ ಇಟ್ಟು ಹೊಲಿದ ಕವರ್ ಇತ್ತು. ಈಗಿನ ಟಿವಿಗಳಿಗೆ ಹೊಟ್ಟೆಯೂ ಇಲ್ಲ, ಬೆನ್ನೂ ಇಲ್ಲ; ಟೇಲರ್ ಆದವನಿಗೆ ಅಲ್ಲಿ ಕೆಲಸವೇ ಇಲ್ಲ. ಊದುಬತ್ತಿ ಹಚ್ಚಿ, ಕುರ್ಚಿಯಲ್ಲಿ ಕೂತು ಹಾಕಿದೆ. ಏನು ನುಣುಪು, ಏನು ಬಣ್ಣ! ಧಾರಾವಾಹಿಯ ಸೊಸೆಯ ಕಿವಿಯೋಲೆಯ ಕುಸುರಿ ಎಣಿಸಬಹುದಿತ್ತು. ಅತ್ತೆಯ ಬ್ಲೌಸಿನ ತೋಳು ಸರಿಯಾಗಿ ಕೂತಿಲ್ಲ ಎನ್ನುವುದೂ ಕಂಡಿತು.

"ಮುಖ ಕಾಣ್ತತೇನೇ?" ಎಂದು ತಲೆ ತಿರುಗಿಸದೆ ಕೂಗಿದೆ.

ಒಳಗೆ ರೊಟ್ಟಿ ಬಡಿಯುವ ಸದ್ದು ಒಂದು ಗಳಿಗೆ ನಿಂತಿತು. "ಹ್ಞೂಂ. ಚಲೋ ಐತಿ," ಎಂದಳು. ಸದ್ದು ಮತ್ತೆ ಶುರುವಾಯಿತು.

ಚಲೋ ಐತಿ ಎನ್ನುವುದನ್ನು ಅವಳು ಹೇಳಿದ ರೀತಿ ನನಗೆ ಗೊತ್ತು. ನಾನು ಮಾಡಿದ ಚಹಾಕ್ಕೂ ಅವಳು ಅದೇ ದನಿಯಲ್ಲಿ ಚಲೋ ಐತಿ ಎನ್ನುತ್ತಾಳೆ. ಆದರೂ ನಾನು ವಿಚಾರಿಸಲು ಹೋಗಲಿಲ್ಲ. ಲೋಕದ ಎಲ್ಲದರ ಬಗ್ಗೆ ಚಿಂತೆ ಮಾಡುವವನು ತನ್ನ ಬುದ್ಧಿವಂತಿಕೆಯ ಬಗ್ಗೆ ಮಾತ್ರ ನಿಶ್ಚಿಂತೆಯಿಂದ ಇರುತ್ತಾನೆ. ದಿನಗಳು ಹೋದವು. ಮಧ್ಯೆ ಮಧ್ಯೆ ಒಳಗಿನಿಂದ ಪ್ರಶ್ನೆ ಬರುತ್ತಿತ್ತು: "ಈಗ ಅತ್ತಿದ್ದು ಯಾರ್ರೀ, ಸೊಸೆನೋ ನಾದಿನಿನೋ?" ನಾನು ಹೇಳುತ್ತಿದ್ದೆ. "ಚೀಟಿಯಾಗ ಏನು ಬರ್ದಿತ್ತು?" ಅದನ್ನೂ ಓದಿ ಹೇಳುತ್ತಿದ್ದೆ. ಇವಳಿಗೆ ನನ್ನ ಜೊತೆ ಮಾತಾಡುವ ಆಸೆ ಎಂದುಕೊಂಡು ಒಳಗೊಳಗೇ ಹಿಗ್ಗಿದೆ ಕೂಡ.

ಲೋಕೇಶ ಹೊಸ ಟಿವಿ ನೋಡಲು ಬಂದ. ಸಂಜೆಯ ಹೊತ್ತು. ಬಿಸಿ ರೊಟ್ಟಿ ಸಿಗುವ ಜಾಗ ಅವನಿಗೆ ಗೊತ್ತಲ್ಲ, ನೆಟ್ಟಗೆ ಅಡುಗೆಮನೆಗೆ ಹೋಗಿ ಅಕ್ಕನ ಪಕ್ಕ ಮಣೆ ಹಾಕಿಕೊಂಡು ಕೂತ. ಸ್ವಲ್ಪ ಹೊತ್ತಿಗೆ ಅವನ ನಗು ಕೇಳಿಸಿತು.

"ಭಾವ, ಒಂಚೂರು ಇಲ್ಲಿ ಬನ್ನಿ ಮಾರಾಯ್ರೆ."

"ಯಾಕೋ?"

"ಬನ್ನಿ ಅಂದ್ರೆ. ಅಕ್ಕನ ಜಾಗದಲ್ಲಿ ಕೂತ್ಕಳಿ."

ಹೋಗಿ ಕೂತೆ. ಮೊದಲು ಕಂಡಿದ್ದು ಹೊಲಿಗೆ ಮೆಷಿನ್ನಿನ ಚಕ್ರ. ಅದರಾಚೆ ನನ್ನ ಖಾಲಿ ಕುರ್ಚಿಯ ಬೆನ್ನು. ಅದೆಲ್ಲದರಾಚೆ, ದೂರದ ಗೋಡೆಯ ಮೇಲೆ, ಯಾರೋ ಅಂಚೆಚೀಟಿಯೊಂದನ್ನು ಅಂಟಿಸಿ ದೀಪ ಹಾಕಿದಂತೆ ನನ್ನ ಫುಲ್ ಹೆಚ್‌ಡಿ. ಅದರೊಳಗೆ ಕೆಂಪು ಚುಕ್ಕೆಯೊಂದು ಹಳದಿ ಚುಕ್ಕೆಯೊಂದನ್ನು ಮನೆಯಿಂದ ಹೊರಗೆ ಹಾಕುತ್ತಿತ್ತು. ಹಳೆಯ ಡಬ್ಬಾ ಟಿವಿಯಾದರೂ ಮೇಜಿನ ಮೇಲೆ ಎರಡು ಅಡಿ ಮುಂದೆ ಬಂದು ಕೂತಿರುತ್ತಿತ್ತು. ಇದು ಗೋಡೆಗೆ ಒತ್ತಿಕೊಂಡು ಇನ್ನೂ ದೂರ ಹೋಗಿತ್ತು.

"ನೀವು ಕುರ್ಚಿಯಾಗ ಕೂತಾಗ ಇಷ್ಟೂ ಕಾಣಂಗಿಲ್ಲ," ಎಂದಳು ಗಿರಿಜಾ, ತವೆಯ ಮೇಲಿನ ರೊಟ್ಟಿಗೆ ನೀರು ಸವರುತ್ತ. "ಅರ್ಧ ನಿಮ್ಮ ತಲೆ, ಅರ್ಧ ಟಿವಿ."

"ಮತ್ತೆ ಹೇಳಬಾರದಾ?"

"ಹೇಳಿದ್ನಲ್ಲ ಮಾರಾಯ್ರೆ, ಮುಖ ಕಾಣೂದು ತನ್ನಿ ಅಂತ!" ಕುಪ್ಪಗಡ್ಡೆ ಹೊರಗೆ ಬಂತು. "ನಾ ಎಲ್ಲಿ ಇರ್ತೀನಿ ಅಂತ ನಿಮ್ಗೆ ಗೊತ್ತಿಲ್ವಾ?"

ಗೊತ್ತಿತ್ತು. ಸಂಜೆಯೆಲ್ಲ ನನ್ನ ಬೆನ್ನ ಹಿಂದೆ ರೊಟ್ಟಿ ಬಡಿಯುವ ಸದ್ದು ಕೇಳುತ್ತಲೇ ಇತ್ತಲ್ಲ. ಆದರೆ ಅಳತೆ ತೆಗೆಯುವಾಗ ನನ್ನ ಟೇಪು ಕುರ್ಚಿಯ ಹತ್ತಿರವೇ ಮುಗಿದಿತ್ತು. ಯಾವ ಟೇಲರನಾದರೂ ಗಿರಾಕಿಯ ಅಂಗಿಯನ್ನು ತನ್ನ ಎದೆಯ ಅಳತೆಗೆ ಹೊಲಿದು, ತಾನೇ ಹಾಕಿಕೊಂಡು ಟ್ರಯಲ್ ನೋಡಿ, ಚೆನ್ನಾಗಿ ಕೂತಿದೆ ಎಂದು ಮಡಿಚಿ ಕೊಡುತ್ತಾನೆಯೇ? ನಾನು ಕೊಟ್ಟಿದ್ದೆ. ಇಷ್ಟು ದಿನ ಅವಳು ಆ ಧಾರಾವಾಹಿಗಳನ್ನು ನೋಡಿರಲೇ ಇಲ್ಲ, ರೇಡಿಯೋದ ಹಾಗೆ ಕೇಳಿದ್ದಳು.

ಮರುದಿನ ಬೆಳಿಗ್ಗೆ ವೀರೇಶನ ಅಂಗಡಿಗೆ ಹೋಗಿ, ಎದುರಿನ ಸ್ಟೂಲಿನ ಮೇಲೆ ಕೂತು, ಸ್ವಲ್ಪ ಹೊತ್ತು ಫ್ಯಾನಿನ ಬಗ್ಗೆ ಮಾತಾಡಿದೆ. ಆಮೇಲೆ ವಿಷಯ ಬಿಟ್ಟೆ. "ವೀರೇಶಣ್ಣ, ಟಿವಿ ಸ್ವಲ್ಪ ಬಿಗಿ ಆಗೇತಿ."

ಅವನು ಕನ್ನಡಕದ ಮೇಲಿಂದ ನೋಡಿದ. "ಟಿವಿ ಬಿಗಿ ಆತಾ?"

"ಮನೆಯಾಕೆ ಒಲೆ ಹತ್ರ ಕೂತು ನೋಡ್ತಾಳೆ."

"ಅದನ್ನ ಮೊದಲೇ ಹೇಳಬೇಕೋ ಬ್ಯಾಡೋ? ಎಷ್ಟು ದೂರದಿಂದ ನೋಡ್ತೀರಿ ಅಂದಾಗ ಆರು ಅಡಿ ಅಂತ ಎದಿ ಮುಟ್ಕೊಂಡು ಹೇಳಿದ್ರಿ. ಪ್ಯಾಂಟ್ ಅಲ್ರೀ ಇದು ಒಳಗಿಂದ ಬಿಡ್ಲಿಕ್ಕೆ!"

"ನಿಮ್ಮ ಪ್ಯಾಂಟು ನಾನು ಎಷ್ಟು ಸಲ ಬಿಟ್ಟೀನಿ ವೀರೇಶಣ್ಣ," ಎಂದೆ ಮೆತ್ತಗೆ. ಅಂಗಡಿಯಲ್ಲಿ ಬೇರೆ ಗಿರಾಕಿಗಳಿದ್ದರು. ವೀರೇಶ ಅತ್ತಿತ್ತ ನೋಡಿ, ಹೊಟ್ಟೆ ಒಳಗೆಳೆದುಕೊಂಡು, "ಬದಲಿ ಕೊಡ್ತೀನಿ, ಯಾವುದು ಬೇಕು ಹೇಳಿಬಿಡ್ರಿ," ಎಂದ.

ಲೋಕೇಶ ಮೊದಲ ದಿನವೇ ಐವತ್ತೈದು ಎಂದಿದ್ದ. ಅವನ ಮಾತನ್ನು ಪೂರ್ತಿ ಒಪ್ಪಿಕೊಂಡರೆ ಸೊರಬ ತಾಲೂಕಿನಲ್ಲಿ ನನ್ನ ಮರ್ಯಾದೆ ಏನಾಗಬೇಕು? ಐವತ್ತು ಎಂದೆ. ಮರ್ಯಾದೆಗೆ ಐದು ಇಂಚು ಕಳೆದೆ.

ಐವತ್ತು ಇಂಚಿನದು ಗೋಡೆಗೇರಿತು. ಮಣ್ಣಿನ ಗೋಡೆ ಬೀಳಲಿಲ್ಲ. ನಾನು ದಿನವೂ ಬೆಳಿಗ್ಗೆ ಮೊಳೆ ಮುಟ್ಟಿ ನೋಡುವುದೂ ನಿಂತಿಲ್ಲ. ಅವತ್ತು ಸಂಜೆ ಗಿರಿಜಾ ರೊಟ್ಟಿ ಬಡಿಯುವುದನ್ನು ಬಿಟ್ಟು ಬಾಯಿ ತೆರೆದು ನೋಡಿದಳು. "ಅಯ್ಯ, ಈ ಅತ್ತಿ ಇಷ್ಟು ಸಣ್ಣ ವಯಸ್ಸಿನಾಕೀನಾ! ದನಿ ಕೇಳಿ ಮುದುಕಿ ಅಂದ್ಕೊಂಡಿದ್ನಲ್ರೀ. ಈ ನಾದಿನಿ ಮುಖ ಎಷ್ಟು ಪಾಪದ್ದೈತಿ, ಇಕಿಗೆ ನಾ ಎಷ್ಟು ಬೈದೀನಿ!" ಎಂದು ಒಬ್ಬೊಬ್ಬರ ಪರಿಚಯ ಮಾಡಿಕೊಳ್ಳತೊಡಗಿದಳು.

ಕಷ್ಟಕ್ಕೆ ಸಿಕ್ಕಿಬಿದ್ದವನು ನಾನು. ಆರು ಅಡಿಯಿಂದ ನೋಡಿದರೆ ಅತ್ತೆಯ ಮುಖ ಮೊರದಷ್ಟು. ನಮ್ಮ ಕೇಬಲ್ಲಿನಲ್ಲಿ ಬರುವ ಚಿತ್ರದಲ್ಲಿ ಎಳೆಯೇ ಇಲ್ಲವೆನ್ನುವುದು ಈಗ ಎದ್ದು ಕಾಣುತ್ತದೆ. ಗೋಣಿಚೀಲದ ಮೇಲೆ ಬಣ್ಣ ಚೆಲ್ಲಿದ ಹಾಗೆ. ಇಬ್ಬರು ಜಗಳವಾಡಿದರೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿ ಕುತ್ತಿಗೆ ಹಿಡಿದುಕೊಳ್ಳುತ್ತದೆ. ಅದಲ್ಲದೆ ಕುರ್ಚಿಯಲ್ಲಿ ಕೂತರೆ "ರೀ, ತಲೆ" ಎಂದು ಒಳಗಿಂದ ಕೂಗು ಬರುತ್ತದೆ. ಕಡೆಗೆ ಕುರ್ಚಿ ಮಡಿಚಿಟ್ಟು, ಅಡುಗೆಮನೆಯಲ್ಲಿ ಅವಳ ಪಕ್ಕ ಮಣೆ ಹಾಕಿಕೊಂಡೆ. ನಮ್ಮ ಇಡೀ ಮನೆಯಲ್ಲಿ ಚಿತ್ರ ಸರಿಯಾಗಿ ಕಾಣುವ ಜಾಗ ಅದೊಂದೇ. ಆದರೆ ಅಲ್ಲಿ ಸುಮ್ಮನೆ ಕೂರುವ ಪದ್ಧತಿ ಇಲ್ಲವಂತೆ. ಮೊದಲ ದಿನ ಚಿಮಟ ಕೈಗೆ ಬಂತು, ಎರಡನೆಯ ದಿನ ನೀರು ಸವರುವ ಅರಿವೆ. ಈಗ ಅವಳು ಬಡಿಯುತ್ತಾಳೆ, ನಾನು ಬೇಯಿಸುತ್ತೇನೆ. ಟಿವಿ ಬಹಳ ಚೆನ್ನಾಗಿ ಕಾಣುವುದರಿಂದ ದಿನವೂ ನಾಲ್ಕಾರು ರೊಟ್ಟಿ ಹತ್ತಿ ಕರಕಾಗುತ್ತವೆ. ಗಿರಿಜಾ ಅವನ್ನು ಖಾನಾವಳಿಯ ಬುಟ್ಟಿಗೆ ಹಾಕದೆ ಪಕ್ಕದ ತಾಟಿನಲ್ಲಿ ಜೋಡಿಸುತ್ತಾಳೆ. ಧಾರಾವಾಹಿ ಮುಗಿದ ಮೇಲೆ ಆ ತಾಟನ್ನು ನನ್ನ ಮುಂದೆ ಸರಿಸಿ, ಮೇಲೊಂದಿಷ್ಟು ಚಟ್ನಿಪುಡಿ ಉದುರಿಸುತ್ತಾಳೆ.